ಓವರ್‌ಮಾರೋ ಅಂದರೆ ನಾಡಿದ್ದು

1535ರಲ್ಲಿ ಮೈಲ್ಸ್ ಕವರ್‌ಡೇಲ್ ಅಚ್ಚು ಹಾಕಿಸಿದ ಇಂಗ್ಲಿಷ್ ಬೈಬಲಿನಲ್ಲಿ 'ಓವರ್‌ಮಾರೋ' ಎಂಬ ಪದವಿದೆ. ಇವತ್ತು, ನಾಳೆ, ಓವರ್‌ಮಾರೋ. ಜರ್ಮನರ 'ಊಬರ್‌ಮೋರ್ಗೆನ್' ನೋಡಿಕೊಂಡು ಕಟ್ಟಿದ್ದು. ಇಂಗ್ಲಿಷರ ಬಾಯಿಗೆ ಅದು ಹತ್ತಲಿಲ್ಲ. ಈಗ ಅವರು 'ದಿ ಡೇ ಆಫ್ಟರ್ ಟುಮಾರೋ' ಎಂದು ನಾಲ್ಕು ಪದ ಖರ್ಚು ಮಾಡುತ್ತಾರೆ. ಅದರ ಜೋಡಿ 'ಎರ್‌ಯೆಸ್ಟರ್‌ಡೇ', ಅಂದರೆ ಮೊನ್ನೆ, ಅದೂ ಮೂಲೆ ಸೇರಿದೆ. ನಮ್ಮಲ್ಲಿ ಮೂರು ವರ್ಷದ ಮಗು ಮೊನ್ನೆಗೂ ನಾಡಿದ್ದಿಗೂ ಅದಲುಬದಲು ಮಾಡಿಯಾದರೂ ಎರಡನ್ನೂ ಬಳಸುತ್ತದೆ. ಆಚೆ ನಾಡಿದ್ದು ಎಂಬುದೂ ನಮ್ಮಲ್ಲಿದೆ.

'ನಿಕ್ಥೆಮರಾನ್' ಇಂಗ್ಲಿಷಿನ ಇನ್ನೊಂದು ವಿರಳ ಪದ. ಒಂದು ಹಗಲು ಒಂದು ರಾತ್ರಿ ಸೇರಿದ ಇಪ್ಪತ್ನಾಲ್ಕು ಗಂಟೆ. ಗ್ರೀಕಿನಲ್ಲಿ ನಿಕ್ಸ್ ಎಂದರೆ ರಾತ್ರಿ, ಹೆಮೆರಾ ಎಂದರೆ ಹಗಲು. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಇದಕ್ಕೆ ನಿಘಂಟು ತೆಗೆಯಬೇಕು. ನಮಗೆ 'ಅಹೋರಾತ್ರಿ ಧರಣಿ' ಪತ್ರಿಕೆಯ ಜಿಲ್ಲಾ ಪುಟದಲ್ಲೇ ಸಿಗುತ್ತದೆ. ಸ್ಕಾಟ್ಲೆಂಡಿನವರ 'ಗ್ರೋಕ್' ಎಂದರೆ ಉಣ್ಣುವವರೆದುರು ಕೂತು, ತನಗೂ ಒಂದು ತುತ್ತು ಬಂದೀತೆಂದು ದಿಟ್ಟಿಸುವುದು. 'ತಿನ್ನೋರ ಬಾಯಿ ನೋಡ್ಬೇಡ' ಎಂದು ಗದರಿಸಿಕೊಳ್ಳದ ಮಗು ನಮ್ಮ ಕಡೆ ಉಂಟೇ?

ಅಂದರೆ ಅಪರೂಪ ಎಂಬುದು ವಸ್ತುವಿಗೆ ಅಂಟಿದ ಗುಣವಲ್ಲ, ಆ ಪದ ಆ ಭಾಷೆಯಲ್ಲಿ ಬಾಳಿದ ಬಾಳಿಗೆ ಸಂಬಂಧಿಸಿದ್ದು. ಇಂಗ್ಲಿಷಿನ ವಿರಳ ಪದಗಳನ್ನು ಕೂಡಿಸುವ ಹವ್ಯಾಸಿಗಳು ಎಡವುವುದು ಇಲ್ಲೇ. ಎಡಕ್ಕೆ ಪದ, ಬಲಕ್ಕೆ ಅರ್ಥ, ನಡುವೆ ಒಂದು ಗೀಟು. ಐನೂರು ಸಾಲು ತುಂಬುತ್ತದೆ, ಒಂದೂ ನಾಲಿಗೆಗೆ ಬರುವುದಿಲ್ಲ, ಅದರಲ್ಲಿ ಐವತ್ತು ಸುಳ್ಳೇ ಇದ್ದರೂ ಗೊತ್ತಾಗುವುದಿಲ್ಲ. ಕೂಡಿಸಬೇಕಾದ್ದು ಪದವನ್ನಲ್ಲ, ಆ ಪದ ಇರುವ ವಾಕ್ಯವನ್ನು. ಯಾರು, ಯಾವ ವರ್ಷ, ಯಾವ ಪುಟದಲ್ಲಿ ಬಳಸಿದರು ಎಂಬುದರ ಸಮೇತ, ಒಂದೊಂದು ಚೀಟಿಯಲ್ಲಿ.

'ಅಪ್ರಿಸಿಟಿ'ಯನ್ನೇ ತೆಗೆದುಕೊಳ್ಳಿ. ಚಳಿಗಾಲದ ಬಿಸಿಲಿನ ಹಿತವಾದ ಕಾವು. ಚಳಿ ಶುರುವಾದರೆ ಸಾಕು, ಇಂಗ್ಲಿಷರು ಮರೆತ ಸುಂದರ ಪದವೆಂದು ಫೋನಿನಿಂದ ಫೋನಿಗೆ ಹಾರುತ್ತದೆ. ಅದರ ಊರು ಹುಡುಕಿಕೊಂಡು ಹೋದರೆ ಸಿಗುವುದು ಹೆನ್ರಿ ಕಾಕರಮ್ 1623ರಲ್ಲಿ ಹೊರತಂದ ನಿಘಂಟು. ಆ ಕಾಲದ ಇಂಗ್ಲಿಷ್ ನಿಘಂಟುಗಳು ಕಷ್ಟಪದಗಳಿಗೆ ಮೀಸಲು. ಲ್ಯಾಟಿನ್ ಪದವೊಂದನ್ನು ಹಿಡಿದು, ಬಾಲಕ್ಕೆ ಇಂಗ್ಲಿಷ್ ಪ್ರತ್ಯಯ ಅಂಟಿಸಿ ಒಳಗೆ ಸೇರಿಸುವುದು ಆಗ ಮಾಮೂಲು. ಬಿಸಿಲಿಗೆ ಒಡ್ಡಿದ್ದು ಎಂಬರ್ಥದ 'ಏಪ್ರಿಕಸ್' ಹೀಗೆ ಅಪ್ರಿಸಿಟಿ ಆಯಿತು. ಆಗಿನ ಯಾವ ರೈತನೂ, ಯಾವ ಕವಿಯೂ ಅದನ್ನು ಆಡಿದ ದಾಖಲೆಯಿಲ್ಲ. ಇಂಥವನ್ನು ಆಗಿನವರೇ 'ಇಂಕ್‌ಹಾರ್ನ್' ಪದ ಎಂದು ಹಂಗಿಸುತ್ತಿದ್ದರು. ಇಂಕ್‌ಹಾರ್ನ್ ಎಂದರೆ ಮಸಿ ತುಂಬಿಡುವ ಕೊಂಬು; ಪದ ಹುಟ್ಟಿದ್ದು ಬಾಯಲ್ಲಲ್ಲ, ಮಸಿಕುಡಿಕೆಯಲ್ಲಿ ಎಂಬ ಕುಟುಕು.

ಈ ವ್ಯತ್ಯಾಸ ಗುರುತಿಸಲು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಹಳೆಯ ಮುದ್ರಿತ ಆವೃತ್ತಿಗಳಲ್ಲಿ ಒಂದು ಪುಟ್ಟ ಗುರುತಿದೆ, ಬಹಳ ಮಂದಿ ಗಮನಿಸದೆ ದಾಟಿಬಿಡುತ್ತಾರೆ. 'ರೇರ್' ಎಂಬ ಸೂಚನೆಯ ತಲೆಯ ಬಳಿ ಸಣ್ಣದಾಗಿ ಗೀಟು ಹಾಕಿ 1 ಎಂದಿದ್ದರೆ ಒಂದೇ ಒಂದು ಪ್ರಯೋಗ ಸಿಕ್ಕಿದೆ ಎಂದರ್ಥ. ಗೀಟು ಹಾಕಿ 0 ಎಂದಿದ್ದರೆ ನಿಜವಾದ ಪ್ರಯೋಗ ಒಂದೂ ಇಲ್ಲ, ಪದ ನಿಘಂಟಿನಿಂದ ನಿಘಂಟಿಗೆ ಜಿಗಿದು ಬದುಕಿದೆ ಎಂದರ್ಥ. ಪದ ಶುರುವಾಗುವ ಮೊದಲು ಕಠಾರಿಯಾಕಾರದ ಚಿಹ್ನೆ ಇದ್ದರೆ ಬಳಕೆ ನಿಂತುಹೋಗಿದೆ. 'ನಾನ್ಸ್‌ವರ್ಡ್' ಎಂದಿದ್ದರೆ ಆ ಹೊತ್ತಿನ ಅಗತ್ಯಕ್ಕೆ ಯಾರೋ ಕಟ್ಟಿ ಅಲ್ಲೇ ಬಿಟ್ಟ ಪದ. ಈ ಹೆಸರನ್ನೂ ಕಟ್ಟಿದ್ದು ಆ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆಯೇ. ಈಗಿನ ಆನ್‌ಲೈನ್ ಆವೃತ್ತಿ ಬಳಕೆಯ ಪ್ರಮಾಣವನ್ನು ಎಂಟು ಪಟ್ಟಿಗಳಲ್ಲಿ ತೋರಿಸುತ್ತದೆ. ಎಂಟನೆಯದು ದಿನಬಳಕೆಯದು, ಒಂದನೆಯದು ತೀರಾ ವಿರಳ. ಸೊನ್ನೆ ಗುರುತಿನ ಪದಗಳನ್ನು ಎಸೆಯಬೇಕಿಲ್ಲ. ಬೇರೆ ಬಣ್ಣದ ಚೀಟಿಯಲ್ಲಿ ಬರೆದು ಬೇರೆ ಡಬ್ಬಿಗೆ ಹಾಕಿ. ಎರಡನ್ನೂ ಬೆರೆಸಿಟ್ಟರೆ ಮಾತ್ರ ಸಂಗ್ರಹ ಕೆಡುತ್ತದೆ.

ಸೊನ್ನೆಗಿಂತಲೂ ಕೆಳಗಿನ ಒಂದು ಮೆಟ್ಟಿಲಿದೆ: ಇಲ್ಲದ ಪದ. ಇಂಗ್ಲಿಷ್ ಭಾಷಾವಿದ್ವಾಂಸ ವಾಲ್ಟರ್ ಸ್ಕೀಟ್ 1886ರಲ್ಲಿ ಇದಕ್ಕೆ 'ಗೋಸ್ಟ್‌ವರ್ಡ್' ಎಂದು ಹೆಸರಿಟ್ಟ. ನಾವು ದೆವ್ವದ ಪದ ಅನ್ನಬಹುದು. ಆತ ಕೊಟ್ಟ ಉದಾಹರಣೆಗಳಲ್ಲಿ 'ಮೋರ್ಸ್' ನನಗೆ ಬಲು ಇಷ್ಟ. ವಾಲ್ಟರ್ ಸ್ಕಾಟ್‌ನ ಕಾದಂಬರಿಯೊಂದರಲ್ಲಿ ಪಾತ್ರವೊಂದು ಕೊಲೆಯ ಯೋಚನೆಯನ್ನು ಇಷ್ಟು ಬೇಗ 'ಮೋರ್ಸ್' ಮಾಡುತ್ತೀಯಾ ಎಂದು ಕೇಳುತ್ತದೆ. ಆವೃತ್ತಿಯ ಮೇಲೆ ಆವೃತ್ತಿ ಹಾಗೇ ಅಚ್ಚಾಯಿತು. ಅರ್ಥ ಏನೆಂದು ಪ್ರಶ್ನೆ ಎದ್ದಾಗ ಇಬ್ಬರು ವಿದ್ವಾಂಸರು ಎರಡು ವ್ಯುತ್ಪತ್ತಿ ಕೊಟ್ಟರು. ಒಬ್ಬರ ಪ್ರಕಾರ ಅದು ಬಂದೂಕಿಗೆ ಮದ್ದು ಕೂರಿಸುವ ಫ್ರೆಂಚ್ ಪದದಿಂದ ಬಂತು, ಇನ್ನೊಬ್ಬರ ಪ್ರಕಾರ ಕಚ್ಚು ಎಂಬ ಲ್ಯಾಟಿನ್ ಧಾತುವಿನಿಂದ. ಕೊನೆಗೆ ನೋಡಿದರೆ ಹಸ್ತಪ್ರತಿಯಲ್ಲಿದ್ದದ್ದು 'ನರ್ಸ್', ಪೋಷಿಸು. ಮೊಳೆ ಜೋಡಿಸುವವನ ಕಣ್ಣು ತಪ್ಪಿತ್ತು, ಅಷ್ಟೇ. ವ್ಯುತ್ಪತ್ತಿ ಚೆನ್ನಾಗಿ ಹೊಂದುತ್ತದೆ ಎಂದ ಮಾತ್ರಕ್ಕೆ ಪದ ಇದೆ ಎಂದಾಗುವುದಿಲ್ಲ. ಜಾಣರಿಗೆ ಯಾವುದಕ್ಕೆ ಬೇಕಾದರೂ ವ್ಯುತ್ಪತ್ತಿ ಹೊಳೆಯುತ್ತದೆ.

ಇದರ ತಿರುಗುಮುರುಗು 'ಡೋರ್ಡ್'. 1931ರ ಜುಲೈ 31ರಂದು ವೆಬ್‌ಸ್ಟರ್ ನಿಘಂಟಿನ ರಸಾಯನಶಾಸ್ತ್ರ ಸಂಪಾದಕ ಆಸ್ಟಿನ್ ಪ್ಯಾಟರ್ಸನ್ ಒಂದು ಚೀಟಿ ಬರೆದ. 'ದೊಡ್ಡ ಡಿ ಅಥವಾ ಸಣ್ಣ ಡಿ ಅಕ್ಷರವನ್ನು ಡೆನ್ಸಿಟಿಗೆ, ಅಂದರೆ ಸಾಂದ್ರತೆಗೆ, ಸಂಕ್ಷೇಪವಾಗಿ ಬಳಸಬಹುದು' ಎಂಬುದು ಅದರ ತಾತ್ಪರ್ಯ. ಇಂಗ್ಲಿಷಿನಲ್ಲಿ 'ಡಿ ಆರ್ ಡಿ' ಎಂದು ಬರೆದರೆ ನಡುವಿನ ಜಾಗ ಮುಚ್ಚಿಕೊಂಡಾಗ ಡೋರ್ಡ್ ಆಗುತ್ತದೆ. ಸಂಕ್ಷೇಪಗಳ ಕಟ್ಟಿಗೆ ಹೋಗಬೇಕಿದ್ದ ಚೀಟಿ ಪದಗಳ ಕಟ್ಟಿಗೆ ಹೋಯಿತು. ಯಾರೋ ನಾಮಪದ ಎಂದು ಗುರುತು ಹಾಕಿದರು, ಇನ್ಯಾರೋ ಉಚ್ಚಾರಣೆ ಸೇರಿಸಿದರು, 1934ರ ಆವೃತ್ತಿಯಲ್ಲಿ 'ಡೋರ್ಡ್: ಸಾಂದ್ರತೆ' ಎಂದು ಅಚ್ಚಾಯಿತು. 1939ರ ಫೆಬ್ರುವರಿ 28ರಂದು ಒಬ್ಬ ಸಂಪಾದಕರ ಕಣ್ಣಿಗೆ ಅದು ಬಿದ್ದದ್ದು ಒಂದೇ ಕಾರಣಕ್ಕೆ, ಆ ನಮೂದಿಗೆ ವ್ಯುತ್ಪತ್ತಿ ಇರಲಿಲ್ಲ. ಪುಟದಿಂದ ಅದು ಪೂರ್ತಿ ಹೋದದ್ದು 1947ರಲ್ಲಿ. ಹಾಗಾಗಿ ವ್ಯುತ್ಪತ್ತಿ ಇದ್ದರೆ ನಂಬಬೇಡಿ, ಇಲ್ಲದಿದ್ದರೆ ಸಂಶಯಪಡಿ. ವಾಕ್ಯ ಎಲ್ಲಿ ಎಂದು ಎರಡೂ ಸಲ ಕೇಳಿ.

ಬೇಕೆಂದೇ ಹೆಣೆದ ಬಲೆಗಳೂ ಇವೆ. 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನಲ್ಲಿ 'ಎಸ್ಕ್ವಿವೇಲಿಯನ್ಸ್' ಎಂಬ ಪದವಿದೆ. ಅರ್ಥ: ತನ್ನ ಅಧಿಕೃತ ಹೊಣೆಯಿಂದ ಬೇಕೆಂದೇ ನುಣುಚಿಕೊಳ್ಳುವುದು. ಸರ್ಕಾರಿ ಕಚೇರಿ ಹೊಕ್ಕು ಬಂದ ಯಾರಿಗೂ ಇಂಥ ಪದ ಇರಲೇಬೇಕು ಅನ್ನಿಸುತ್ತದೆ. ಆದರೆ ಅದು ನಿಘಂಟನ್ನು ಕದ್ದು ನಕಲು ಮಾಡುವವರನ್ನು ಹಿಡಿಯಲು ಸಂಪಾದಕರು ಹುಟ್ಟಿಸಿದ ಪದ. 2005ರಲ್ಲಿ ಗುಟ್ಟು ಬಯಲಾಯಿತು.

ಹಾಗಂತ ಕೃತಕವಾಗಿ ಕಟ್ಟಿದ್ದೆಲ್ಲ ಜೊಳ್ಳಲ್ಲ. 1964ರಲ್ಲಿ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ 'ಪೆಟ್ರಿಕಾರ್' ಎಂಬ ಪದ ಇಟ್ಟರು. ಒಣನೆಲಕ್ಕೆ ಮಳೆ ಬಿದ್ದಾಗ ಏಳುವ ಘಮ. ಪೆಟ್ರಾ ಎಂದರೆ ಕಲ್ಲು, ಐಕಾರ್ ಎಂದರೆ ಗ್ರೀಕ್ ದೇವತೆಗಳ ಮೈಯಲ್ಲಿ ಹರಿಯುವ ದ್ರವ. ಅವರಿಗೆ ಆ ವಾಸನೆಯ ಬಗ್ಗೆ ಬರೆಯಬೇಕಿತ್ತು, ಹೆಸರಿರಲಿಲ್ಲ, ಇಟ್ಟರು, ಪದ ನಿಂತಿತು. ಹೊರೇಸ್ ವಾಲ್‌ಪೋಲ್ 1754ರ ಜನವರಿ 28ರ ಪತ್ರದಲ್ಲಿ ಕಟ್ಟಿದ 'ಸೆರೆಂಡಿಪಿಟಿ'ಯೂ ಹಾಗೆಯೇ, ಹುಡುಕದೆಯೇ ಒಳ್ಳೆಯದು ಕೈಗೆ ಸಿಗುವುದು ಎಂದರ್ಥ. ಸೆರೆಂಡಿಪ್ ಎಂದರೆ ನಮ್ಮ ಪಕ್ಕದ ಲಂಕೆ. ಆದರೆ 45 ಅಕ್ಷರದ 'ನ್ಯುಮೊನೊ...' ಎಂದು ಶುರುವಾಗುವ ಶ್ವಾಸಕೋಶದ ಕಾಯಿಲೆಯ ಹೆಸರನ್ನು 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷ ಕಟ್ಟಿದ್ದು ಉದ್ದದ ದಾಖಲೆಗೆ. ವೈದ್ಯರು ಆ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೇಳಿ ಸುಮ್ಮನಾಗುತ್ತಾರೆ. ಉದ್ದದ ಪದಗಳ ಮೋಹ ಹೊಸಬರಲ್ಲಿ ಹೆಚ್ಚು, ಆರು ತಿಂಗಳಲ್ಲಿ ಇಳಿಯುತ್ತದೆ. ಇಳಿಯದವರು ಕ್ವಿಜ್ ಕಡೆ ಹೋಗುತ್ತಾರೆ.

ಪದವೊಂದು ಕೈಗೆ ಸಿಕ್ಕಿತೆನ್ನಿ. ಮೊದಲು ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. 'ಮೀನಿಂಗ್', 'ಡಿಕ್ಷನರಿ', 'ವರ್ಡ್ ಆಫ್ ದಿ ಡೇ' ಇವುಗಳಿಗೆ ಮೊದಲು ಮೈನಸ್ ಹಾಕಿ ತೆಗೆಸಿ. ಆಮೇಲೂ ಉಳಿಯುವ ಫಲಿತಾಂಶಗಳಲ್ಲೇ ಅದರ ನಿಜವಾದ ಬದುಕು ಇರುವುದು. ನಂತರ ಗೂಗಲ್ ಬುಕ್ಸ್‌ನಲ್ಲಿ ವರ್ಷದ ಮಿತಿ ಹಾಕಿ ನೋಡಿ. ಇಲ್ಲಿ ಎಚ್ಚರ ಬೇಕು. 1800ಕ್ಕೆ ಮುಂಚಿನ ಅಚ್ಚಿನಲ್ಲಿ 'ಎಸ್' ಅಕ್ಷರ ಉದ್ದಕ್ಕೆ 'ಎಫ್' ಹಾಗೆ ಕಾಣುತ್ತದೆ, ಯಂತ್ರ ಅದನ್ನು ಎಫ್ ಎಂದೇ ಓದುತ್ತದೆ. 'ಕೇಸ್' ಹೋಗಿ 'ಕೆಫೆ' ಆಗುತ್ತದೆ. 'ಆರ್' ಮತ್ತು 'ಎನ್' ಅಂಟಿಕೊಂಡು 'ಎಂ' ಆಗಿ 'ಮಾಡರ್ನ್' ಎಂಬುದು 'ಮೋಡೆಮ್' ಆಗುತ್ತದೆ, ಮೋಡೆಮ್ ಹುಟ್ಟುವ ನೂರು ವರ್ಷ ಮೊದಲೇ. ಆದ್ದರಿಂದ ಅಕ್ಷರರೂಪದ ಫಲಿತಾಂಶ ನಂಬದೆ ಪುಟದ ಚಿತ್ರವನ್ನೇ ತೆರೆದು ಕಣ್ಣಾರೆ ನೋಡಬೇಕು. ಪದವೊಂದು ಯಾವ ವರ್ಷ ಎಷ್ಟು ಬಳಕೆಯಲ್ಲಿತ್ತು ಎಂದು ತೋರಿಸುವ ಗೂಗಲಿನ ಎನ್‌ಗ್ರಾಂ ರೇಖಾಚಿತ್ರ ಈ ಕೆಲಸಕ್ಕೆ ಬಾರದು: ಕನಿಷ್ಠ 40 ಪುಸ್ತಕಗಳಲ್ಲಿ ಬರದ ಪದವನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ವಿರಳ ಪದಕ್ಕೆ ಬರುವ ಸೊನ್ನೆ ನಿಜವಾದ ಸೊನ್ನೆಯಲ್ಲ. ಪ್ರಾಂತೀಯ ಪದವಾದರೆ ಜೋಸೆಫ್ ರೈಟ್‌ನ ಉಪಭಾಷಾ ನಿಘಂಟಿನ ಆರು ಸಂಪುಟಗಳು, ಸ್ಕಾಟ್ಲೆಂಡಿನದಾದರೆ ಆ ನುಡಿಯ ಉಚಿತ ಆನ್‌ಲೈನ್ ನಿಘಂಟು.

ಚೀಟಿಯ ಅಳತೆ ಹಳಬರದ್ದೇ ಸಾಕು, ಆರು ಇಂಚು ಅಗಲ, ನಾಲ್ಕು ಇಂಚು ಎತ್ತರ. ಎ4 ಹಾಳೆಯನ್ನು ನಾಲ್ಕು ಮಾಡಿದರೆ ಹೆಚ್ಚುಕಡಿಮೆ ಅದೇ. ಜೆರಾಕ್ಸ್ ಕಾಗದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಪ್ರಾಜೆಕ್ಟ್ ಪುಸ್ತಕಕ್ಕೆ ರಟ್ಟು ಹಾಕುವಂಥ ದಪ್ಪ ಹಾಳೆ ಕತ್ತರಿಸಿಕೊಳ್ಳಿ. ಎಡ ಮೂಲೆಯಲ್ಲಿ ಪದ, ಅದರ ಕೆಳಗೆ ವರ್ಷ, ಬರೆದವರ ಹೆಸರು, ಕೃತಿ, ಪುಟ. ಆಮೇಲೆ ವಾಕ್ಯ ಪೂರ್ತಿ, ಕಾಗುಣಿತ ತಿದ್ದದೆ. ನಡುವೆ ಬಿಟ್ಟರೆ ಚುಕ್ಕಿ ಹಾಕಿ ತೋರಿಸಿ. ಅರ್ಥ ಬರೆಯುವುದು ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. ಎರಡನೆಯ ವಾಕ್ಯ ಸಿಕ್ಕಾಗ ಅರ್ಥ ಬದಲಾಗುವುದು ಖಂಡಿತ, ಅದಕ್ಕೆ ಪೆನ್ಸಿಲು. ಒಂದು ಚೀಟಿಗೆ ಒಂದೇ ವಾಕ್ಯ. ಜಾಗ ಇದೆಯಲ್ಲ ಎಂದು ಎರಡು ತುರುಕಿದರೆ ಮುಂದೆ ಕಾಲಕ್ರಮದಲ್ಲಿ ಜೋಡಿಸಲು ಆಗುವುದಿಲ್ಲ.

ಈ ಕ್ರಮ ಬಂದದ್ದು ಲಂಡನ್ನಿನ ಭಾಷಾಶಾಸ್ತ್ರ ಸಂಘ 1857ರಲ್ಲಿ ಶುರು ಮಾಡಿದ ಕೆಲಸದಿಂದ, ಅದೇ ಮುಂದೆ ಆಕ್ಸ್‌ಫರ್ಡ್ ನಿಘಂಟಾಯಿತು. 1879ರಲ್ಲಿ ಮರ್ರೆ ಸಂಪಾದಕನಾದಾಗ ಹಿಂದಿನವರು ಕೂಡಿಸಿದ್ದ ಸುಮಾರು ಎರಡು ಟನ್ ಚೀಟಿ ಅವನ ಮನೆಗೆ ಬಂತು. ಒಂದು ಚೀಲದಲ್ಲಿ ಸತ್ತ ಇಲಿ, ಇನ್ನೊಂದರಲ್ಲಿ ಮರಿಗಳ ಸಮೇತ ಬದುಕಿದ ಇಲಿ. 'ಪಿ-ಎ'ಯಿಂದ ಶುರುವಾಗುವ ಪದಗಳ ಚೀಟಿಗಳು ಐರ್ಲೆಂಡಿನ ಒಂದು ಲಾಯದಲ್ಲಿ ಒಲೆ ಹೊತ್ತಿಸಲು ಹೋಗಿದ್ದವು. ಮನೆಯ ಅಂಗಳದಲ್ಲಿ ತಗಡಿನ ಷೆಡ್ಡು ಕಟ್ಟಿಸಿ, ಸಾವಿರಕ್ಕೂ ಹೆಚ್ಚು ಖಾನೆಗಳ ಮರದ ಗೂಡು ಮಾಡಿಸಿ ಅವನು ಜೋಡಿಸಲು ಕೂತ. ಓದುಗರಿಗೆ ಮನವಿಯನ್ನೂ ಅಚ್ಚು ಹಾಕಿಸಿದ: ವಿರಳವಾದ, ಹಳತಾದ, ಹೊಸತಾದ, ವಿಚಿತ್ರ ಅನ್ನಿಸುವ ಪ್ರತಿ ಪದಕ್ಕೂ ವಾಕ್ಯ ಕಳಿಸಿ.

ಜನ ಕಳಿಸಿದರು, ಆದರೆ ಇನ್ನೊಂದು ತೊಡಕು ಎದ್ದಿತು. 'ಅಬ್ಯೂಷನ್' ಎಂಬ ಸತ್ತ ಪದಕ್ಕೆ ಸುಮಾರು 50 ಚೀಟಿ ಬಂದಿದ್ದವು, 'ಅಬ್ಯೂಸ್' ಎಂಬ ಬದುಕಿರುವ ಪದಕ್ಕೆ ಐದೂ ಇರಲಿಲ್ಲ. ವಿರಳಕ್ಕೆ ಪಳಗಿದ ಕಣ್ಣು ಸಾಮಾನ್ಯವನ್ನು ಕಾಣುವುದಿಲ್ಲ. ಹವ್ಯಾಸಿಗೆ ಇದರಿಂದ ಆಗುವ ನಷ್ಟ ಮರ್ರೆಗೆ ಆದಷ್ಟೇ: ಸಾಮಾನ್ಯ ಪದದ ವಿರಳ ಅರ್ಥ ಕೈತಪ್ಪುತ್ತದೆ. 'ಪಂಟ್' ಎಂದರೆ ವೈನ್ ಬಾಟಲಿಯ ತಳದ ಕುಳಿಯೂ ಹೌದು. 'ಟಿಟ್ಲ್' ಎಂದರೆ ಸಣ್ಣ 'ಐ' ಮೇಲಿನ ಚುಕ್ಕಿ. 'ನಾಯ್ಸಮ್' ಪದಕ್ಕೆ ಗದ್ದಲದ ಸಂಬಂಧವೇ ಇಲ್ಲ. 'ಅನಾಯ್' ಕಡೆಯಿಂದ ಬಂದು, ದುರ್ನಾತ ಬೀರುವ ಎಂಬರ್ಥ ಪಡೆದಿದೆ. 'ಎನರ್ವೇಟ್' ಅಂದರೆ ಶಕ್ತಿ ತುಂಬುವುದಲ್ಲ, ಶಕ್ತಿ ಹೀರುವುದು. ನಲವತ್ತೈದು ಅಕ್ಷರದ ಪದಕ್ಕಿಂತ ಇಂಥವೇ ಸಂಗ್ರಹಕ್ಕೆ ಮೆರುಗು.

ಮರ್ರೆಗೆ ನೆರವಾದವರಲ್ಲಿ ವಿಲಿಯಂ ಮೈನರ್ ಇಂಗ್ಲೆಂಡಿನ ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಯಲ್ಲಿ ಬಂಧಿತನಾಗಿದ್ದ ಅಮೆರಿಕದ ಸೇನಾ ವೈದ್ಯ. ಅವನ ಕಥೆ ಎಲ್ಲರಿಗೂ ಗೊತ್ತು, ಅವನ ಕೆಲಸದ ಕ್ರಮ ಅಷ್ಟಾಗಿ ಗೊತ್ತಿಲ್ಲ. ಬೇರೆಯವರು ಪದ ಕಂಡಕೂಡಲೇ ಚೀಟಿ ಬರೆಯುತ್ತಿದ್ದರು. ಇವನು ಪ್ರತಿ ಪುಸ್ತಕಕ್ಕೂ ಮಡಿಸಿದ ಹಾಳೆಗಳ ಒಂದು ಪುಸ್ತಿಕೆ ಮಾಡಿ, ಪದಗಳನ್ನು ಅಕಾರಾದಿಯಾಗಿ, ಪುಟಸಂಖ್ಯೆಯೊಂದಿಗೆ ಮಾತ್ರ ಬರೆದಿಡುತ್ತಿದ್ದ. ಸಂಪಾದಕರು ಈ ವಾರ ಯಾವ ಪದದ ಮೇಲಿದ್ದಾರೆ ಎಂದು ಕೇಳಿ, ಅದಕ್ಕೆ ಬೇಕಾದ ವಾಕ್ಯವನ್ನಷ್ಟೇ ನಕಲು ಮಾಡಿ ಕಳಿಸುತ್ತಿದ್ದ. ಮನೆಯಲ್ಲಿ ಕೂತು ಓದುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಓದಿನ ಓಟಕ್ಕೆ ತಡೆಯಿಲ್ಲ, ಪುಸ್ತಕ ಮುಗಿದ ಮೇಲೆ ಬೇಕಾದ್ದನ್ನು ಮಾತ್ರ ಚೀಟಿಗೆ ಇಳಿಸಿದರಾಯಿತು.

ಕನ್ನಡದಲ್ಲಿ ಅರ್ಥ ಬರೆಯುವಾಗ ಒಂದು ಪದಕ್ಕೆ ಒಂದು ಪದ ಎಂಬ ಹಟ ಬೇಡ, ಆದರೆ ಇರುವುದನ್ನು ಮರೆಯುವುದೂ ಬೇಡ. 'ಗ್ಲೋಮಿಂಗ್' ಬಂದರೆ ವಿವರಣೆ ಯಾಕೆ, ಮುಸ್ಸಂಜೆ ಇದೆ. 'ಬಾರ್ಬರಿಗ್ಮಸ್'ಗೆ ಹೊಟ್ಟೆ ಗುರುಗುಟ್ಟುವುದು. ತನಗೆ ತಿಳಿಯದ ವಿಷಯದಲ್ಲಿ ಅಭಿಪ್ರಾಯ ಕೊಡುವ 'ಅಲ್ಟ್ರಾಕ್ರೆಪಿಡೇರಿಯನ್' ಸ್ವಲ್ಪ ಕಷ್ಟ. ಅಧಿಕಪ್ರಸಂಗಿ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ತಿಳಿವಿಗಿಂತ ಸಂದರ್ಭದ ಮಿತಿ ಮೀರುವುದು ಮುಖ್ಯ. ಆ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದಿಡಬೇಕು. ಉಚ್ಚಾರಣೆಗೆ ನಮ್ಮ ಲಿಪಿ ಮುಕ್ಕಾಲು ಪಾಲು ಸಾಕು. ಜ಼, ಫ಼ಗಳಿಗೆ ಕೆಳಗೆ ಎರಡು ಚುಕ್ಕಿ ಇಡಿ. ಲಿಪಿ ತೋರಿಸದೇ ಇರುವುದು ಒತ್ತಿ ಹೇಳುವ ಜಾಗವನ್ನು. ಬಾರ್ಬರಿಗ್ಮಸ್‌ನಲ್ಲಿ ಒತ್ತು 'ರಿಗ್' ಮೇಲೆ, ಅದರ ಕೆಳಗೆ ಗೆರೆ ಎಳೆಯಿರಿ. ಇಲ್ಲದಿದ್ದರೆ ನಾವು ಮೊದಲ ಅಕ್ಷರವನ್ನೇ ಒತ್ತುತ್ತೇವೆ. ಇಂಗ್ಲಿಷ್ ಕಾಗುಣಿತವನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆದಿಡಿ, ಕನ್ನಡದಿಂದ ಅದನ್ನು ಮರಳಿ ಊಹಿಸಲು ಬರುವುದಿಲ್ಲ.

ಒಮ್ಮೊಮ್ಮೆ ವಿರಳ ಇಂಗ್ಲಿಷ್ ಪದ ನಮ್ಮ ಅಟ್ಟದಿಂದಲೇ ಇಳಿದು ಬರುತ್ತದೆ. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ 1886ರ ಹಾಬ್ಸನ್ ಜಾಬ್ಸನ್‌ನಲ್ಲಿ, ಅಂದರೆ ಭಾರತದಿಂದ ಇಂಗ್ಲಿಷಿಗೆ ಸೇರಿದ ಪದಗಳ ನಿಘಂಟಿನಲ್ಲಿ, ಕೊಡುವ 'ಕಂಬ್ಲಿ' ಬೇರೇನೂ ಅಲ್ಲ, ಕುರಿಯ ಉಣ್ಣೆಯ ಕಂಬಳಿ. 'ಪಾಲಿಗಾರ್' ಎಂದರೆ ಪಾಳೆಯಗಾರ. ಬರ್ನೆಲ್ ಮದರಾಸು ಪ್ರಾಂತದ ನ್ಯಾಯಾಧೀಶ, ಮಂಗಳೂರಿನಲ್ಲೂ ಇದ್ದವನು. ಪುಸ್ತಕ ಹೊರಬರುವ ಮೊದಲೇ, 1882ರಲ್ಲಿ ತೀರಿಕೊಂಡ. ಆ ನಿಘಂಟಿನ ಬೆಲೆ ಅರ್ಥಗಳಲ್ಲಿಲ್ಲ, ಪ್ರತಿ ಪದದ ಕೆಳಗೆ ವರ್ಷವಾರು ಜೋಡಿಸಿದ ವಾಕ್ಯಗಳಲ್ಲಿದೆ. ಇಲ್ಲಿ ನಮ್ಮವರಿಗೆ ಒಂದು ಆಮಿಷವಿದೆ. 'ಆರಿಕಾ' ಕಂಡ ತಕ್ಷಣ ಅದು ಅಡಿಕೆಯಿಂದಲೇ ಬಂದದ್ದು ಎಂದು ಬರೆದುಬಿಡುತ್ತಾರೆ. ಪೋರ್ಚುಗೀಸರು ಅದನ್ನು ಎತ್ತಿಕೊಂಡದ್ದು ಮಲಯಾಳದ ಕರಾವಳಿಯಿಂದ ಎಂಬುದೇ ನಿಘಂಟುಗಳ ಮಾತು. ಅಡಿಕೆ ಅದರ ಸೋದರ ಪದ. ಸೋದರನನ್ನು ಅಪ್ಪ ಎಂದು ಬರೆಯಬಾರದು. 'ಬ್ಯಾಂಡಿಕೂಟ್' ತೆಲುಗಿನ ಪಂದಿಕೊಕ್ಕು, ನಮ್ಮ ಹೆಗ್ಗಣ. ಆಸ್ಟ್ರೇಲಿಯಕ್ಕೆ ಹೋದ ಇಂಗ್ಲಿಷರು ಅದೇ ಹೆಸರನ್ನು ಅಲ್ಲಿನ ಹೊಟ್ಟೆಚೀಲದ ಪ್ರಾಣಿಗೂ ಇಟ್ಟರು. ಎದುರಿಗಿರುವುದು ಯಾವ ಪ್ರಾಣಿ ಎಂಬುದನ್ನು ವಾಕ್ಯವೇ ಹೇಳಬೇಕು.

ನೆನಪಿಡುವ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅಕಾರಾದಿಯಲ್ಲಿ ಬಾಯಿಪಾಠ ಮಾಡಬೇಡಿ, ಒಂದೇ ಥರ ಕಾಣುವ ಪದಗಳು ಒಂದನ್ನೊಂದು ಅಳಿಸುತ್ತವೆ. 'ವೀನಲ್' ಮತ್ತು 'ವೀನಿಯಲ್' ಒಂದೇ ದಿನ ಕಲಿತವರಿಗೆ ಲಂಚಕೋರ ಯಾರು, ಕ್ಷಮಿಸಬಹುದಾದ್ದು ಯಾವುದು ಎಂದು ಜನ್ಮದಲ್ಲಿ ಬಗೆಹರಿಯುವುದಿಲ್ಲ. ಮರೆಯುವ ಮೊದಲೇ ಚೀಟಿಯನ್ನು ಮತ್ತೆ ಮತ್ತೆ ತೋರಿಸುವ ಆಂಕಿಯಂಥ ತಂತ್ರಾಂಶ ಬಳಸುವುದಾದರೆ ಮುಂಬದಿಯಲ್ಲಿ ವಾಕ್ಯ ಹಾಕಿ ಪದದ ಜಾಗ ಖಾಲಿ ಬಿಡಿ. ದಿನಕ್ಕೆ ಮೂರು ಹೊಸತು ಸಾಕು, ಹತ್ತು ಹಾಕಿದವರು ತಿಂಗಳೊಳಗೆ ಬಿಟ್ಟಿರುತ್ತಾರೆ. ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವವರು ಕನ್ನಡವನ್ನು ಯೂನಿಕೋಡ್‌ನಲ್ಲೇ ಬೆರಳಚ್ಚಿಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿಟ್ಟ ಪಟ್ಟಿ ಫಾಂಟು ಬದಲಾದರೆ ಗೋಜಲಾಗುತ್ತದೆ, ಹುಡುಕಲೂ ಬರುವುದಿಲ್ಲ.

ಪ್ರತಿ ಚೀಟಿಗೂ ಬಲ ಮೂಲೆಯಲ್ಲಿ ಕ್ರಮಸಂಖ್ಯೆ ಹಾಕಿ, ಆ ಸಂಖ್ಯೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಪ್ರತ್ಯೇಕವಾಗಿ ಬರೆದಿಡಿ. ಇದು ಅತಿಯಾಯಿತು ಅನ್ನಿಸಬಹುದು. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿ 1928ರಲ್ಲಿ ಮುಗಿದಾಗ ಅದರಲ್ಲಿ 4,14,825 ಪದಗಳೂ 18,27,306 ವಾಕ್ಯಗಳೂ ಇದ್ದವು. ಆದರೆ ಜೀತದಾಳು ಹೆಣ್ಣು ಎಂಬರ್ಥದ, ಬೈಬಲಿನಲ್ಲೇ ಇರುವ, ವಿರಳವೇನೂ ಅಲ್ಲದ 'ಬಾಂಡ್‌ಮೇಡ್' ಇರಲಿಲ್ಲ. ಅದರ ಚೀಟಿಗಳು ಎಲ್ಲೋ ಜಾರಿ ಹೋಗಿದ್ದವು, ಸಿಗುವ ಹೊತ್ತಿಗೆ 'ಬಿ' ಭಾಗ ಅಚ್ಚಾಗಿತ್ತು. 1933ರ ಪುರವಣಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು.